ಒಂದೆಲಗದ ಪೊಟ್ಟಣ, ಈರಣ್ಣನ ಲೈಸೆನ್ಸ್

ಕರಾವಳಿ ಬಿಟ್ಟು ಬಳ್ಳಾರಿಗೆ ಬಂದು ನಲವತ್ತು ವರ್ಷವಾದರೂ ತವರಿನ ಒಂದು ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಒಣಗಿಸಿದ ಒಂದೆಲಗದ ಸೊಪ್ಪನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದೆ. ಅವತ್ತು ಸಿರುಗುಪ್ಪದಿಂದ ಬಾಡಿಗೆ ಕಾರಿನಲ್ಲಿ ಮರಳುವಾಗ, ಆ ಪೊಟ್ಟಣವನ್ನು ಡ್ರೈವರ್ ಈರಣ್ಣನ ಪಕ್ಕದ ಖಾನೆಯಲ್ಲಿ ಇಡಿಸಿದ್ದೆ.

ಕುರುಗೋಡಿನ ಹತ್ತಿರ ಗಾಂಜಾ ಹುಡುಕುತ್ತಿದ್ದ ಪೊಲೀಸರು ಕಾರು ನಿಲ್ಲಿಸಿದರು. ಒಬ್ಬ ಪೊಟ್ಟಣ ಬಿಚ್ಚಿ ಮೂಸಿ, "ಯಾರದಲೇ ಇದು?" ಎಂದ.

ನಾನು ಭಯದಿಂದ ಕಿಟಕಿಯ ಕಡೆಗೆ ಮುಖ ತಿರುಗಿಸಿದೆ.

"ನಂದ್ರಿ ಸಾರ್, ಔಷಧಿ ಸೊಪ್ಪು. ಅಜ್ಜೀನ ಬಿಸಿಲಾಗ ನಿಲ್ಲಿಸಬ್ಯಾಡ್ರಿ," ಎಂದ ಈರಣ್ಣ. ಅವನ ಲೈಸೆನ್ಸ್ ಕಿತ್ತುಕೊಂಡು ಇಬ್ಬರನ್ನೂ ಠಾಣೆಗೆ ಕರೆದೊಯ್ದರು.

ಸೊಪ್ಪು ನನ್ನದೆಂದು ಬಾಯಿ ಬಿಡಲು ನನಗೆ ಎರಡು ತಾಸು ಹಿಡಿಯಿತು. ಠಾಣೆಯ ಸಾಹೇಬರು ಒಂದೆರಡು ಎಲೆ ನೀರಿಗೆ ಹಾಕಿದರು. ಅವು ಗಾಂಜಾ ಎಲೆಯಂತೆ ಸೀಳಿರದೆ ದುಂಡಗೆ ಬಿಚ್ಚಿಕೊಂಡಾಗ ನಕ್ಕರು. ಈರಣ್ಣನ ಲೈಸೆನ್ಸ್ ರದ್ದಾಗುತ್ತದೆಯೇ ಎಂದು ಕೇಳಿದೆ.

"ಬರೇ ಗಾಡ್ಯಾಗ ಹುಡುಕಿದ್ದಕ್ಕ ಲೈಸೆನ್ಸ್ ರದ್ದಾಗಂಗಿಲ್ಲಮ್ಮ. ತಗೋಳಪಾ," ಎಂದು ಅವನಿಗೆ ಮರಳಿಸಿದರು.

ಅಷ್ಟರಲ್ಲಿ ಕಾರಿನ ಮಾಲೀಕನಿಗೆ ಸುದ್ದಿ ಮುಟ್ಟಿತ್ತು. "ಗಾಂಜಾ ಗಾಡಿ ಅಂತ ಹೆಸರು ಬಿದ್ರ ಯಾರ್ ಹತ್ತತಾರ? ಕೀಲಿ ಇಟ್ಟು ನಡಿಯಲೇ," ಎಂದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬೇರೆ ಮಾಲೀಕರೂ ಈರಣ್ಣನಿಗೆ ಗಾಡಿ ಕೊಡಲಿಲ್ಲ.

ಈಗ ಅವನು ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಚೀಲ ಹೊರುತ್ತಾನೆ. ನನ್ನನ್ನು ಕಂಡರೆ ಜೇಬು ಮುಟ್ಟಿಕೊಂಡು, "ಲೈಸೆನ್ಸ್ ಭದ್ರ ಐತ್ರಿ ಅಜ್ಜಿ," ಎಂದು ನಗುತ್ತಾನೆ.

ಒಂದೆಲಗ ತಿನ್ನುವುದನ್ನು ಬಿಟ್ಟಿದ್ದೇನೆ. ನೆನಪಿನ ಶಕ್ತಿ ಈಗ ಬೇಕಾದ್ದಕ್ಕಿಂತ ಹೆಚ್ಚೇ ಇದೆ.