ಅಡುಗೆಮನೆ ಕಿಟಕಿಯ ಕಡೆಯ ಮೋಸಂಬಿ

ಅಮ್ಮನಿಗೆ ನಾಸಿಕದಿಂದ ಬ್ಯಾಂಕಿನ ಛತ್ರಪತಿ ಸಂಭಾಜಿನಗರದ ಶಾಖೆಗೆ ವರ್ಗವಾದಾಗ ಅವಳಿಗೆ ಬಂದ ಮೊದಲ ಚಿಂತೆ, ಮಾಳಿಗೆಯ ಮೇಲಿನ ದ್ರಾಕ್ಷಿ ಬಳ್ಳಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಎರಡನೆಯದು. ಅಪ್ಪನ ಕೆಲಸ ನಾಸಿಕದಲ್ಲೇ ಇದ್ದದ್ದರಿಂದ ಅವರೂ ಬಳ್ಳಿಯೂ ಅಲ್ಲೇ ಉಳಿದು ಒಬ್ಬರನ್ನೊಬ್ಬರು ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ನಾನು ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ ಅಮ್ಮನ ಜೊತೆ ಬಂದೆ.

ಹೊಸ ಊರಿನ ಬಾಡಿಗೆ ಮನೆಯ ಅಂಗಳವೆಲ್ಲ ಸಿಮೆಂಟು. ಅಡುಗೆಮನೆಯ ಕಿಟಕಿಗೂ ಗೇಟಿಗೂ ನಡುವೆ ಮಾತ್ರ ಒಂದು ಮೋಸಂಬಿ ಗಿಡವಿತ್ತು. ಅದನ್ನು ನೋಡಿಯೇ ಅಮ್ಮ ಮನೆ ಒಪ್ಪಿಕೊಂಡಳು. ಒಳಗೆ ಕೋಣೆಗಳೆಷ್ಟಿವೆ ಎಂದು ಆಮೇಲೆ ಹೋಗಿ ಎಣಿಸಿದವಳು ನಾನು.

ಗಿಡ ಮೂರು ವರ್ಷದಿಂದ ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಮಹಡಿಯಲ್ಲಿದ್ದ ಮನೆ ಮಾಲೀಕರು ನಿವೃತ್ತ ಹೆಡ್‌ಮಾಸ್ತರರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಹೊಸದಾಗಿ ಕಾರು ಕೊಂಡಿದ್ದರು. ಗಿಡ ತೆಗೆಸಿ ಅಲ್ಲೇ ಕಾರಿಗೆ ಶೆಡ್ ಹಾಕಿಸುವ ಆಲೋಚನೆ ಅವರದು. ಅಮ್ಮ ಎರಡು ಸಲ ಮಹಡಿ ಹತ್ತಿ ಬೇಡಿಕೊಂಡ ಮೇಲೆ ಒಂದು ಚಳಿಗಾಲದ ಅವಕಾಶ ಕೊಟ್ಟರು. ಈ ಸೀಮೆಯಲ್ಲಿ ಮೋಸಂಬಿಗೆ ಚಳಿಗಾಲದಲ್ಲಿ ‘ತಾಣ’ ಕೊಡಬೇಕಂತೆ. ಅಂದರೆ ಒಂದೂವರೆ ತಿಂಗಳು ಹನಿ ನೀರೂ ಹಾಕದೆ ಕಾಯಿಸುವುದು. ಗಿಡ ಹೆದರಿ ಎಲೆ ಉದುರಿಸುತ್ತದೆ. ಆಮೇಲೆ ಒಮ್ಮೆಲೇ ನೀರು ಬಿಟ್ಟರೆ ಮೈತುಂಬ ಹೂ ಬರುತ್ತದೆ. ಹಿಂದಿನ ಬಾಡಿಗೆಯವರು ಚಳಿಗಾಲವಿಡೀ ನೀರು ಹಾಕಿ ಅದನ್ನು ಸೋಮಾರಿ ಮಾಡಿದ್ದಾರೆ ಎಂದರು ಕಾಕಾ. ಫೆಬ್ರುವರಿಯಲ್ಲಿ ಹೂ ಕಾಣದಿದ್ದರೆ ಗರಗಸ.

ಡಿಸೆಂಬರ್ ಒಂದನೆಯ ತಾರೀಖಿಗೆ ನಾನು ಹೊಸ ನೋಟ್‌ಬುಕ್ಕಿನಲ್ಲಿ ‘ತಾಣ, ದಿನ 1’ ಎಂದು ಬರೆದೆ. ಪುಟದ ಎಡಕ್ಕೆ ಮೋಸಂಬಿ, ಬಲಕ್ಕೆ ನಾಸಿಕದ ದ್ರಾಕ್ಷಿ.

ದ್ರಾಕ್ಷಿಯ ಶಾಸ್ತ್ರ ಪೂರ್ತಿ ಉಲ್ಟಾ. ಚಳಿ ಜೋರಾದರೆ ಕಾಯಿ ಸೀಳುತ್ತದೆ. ಹಾಗಾಗಿ ಬೆಳಗಾಗುವ ಮೊದಲೇ ಬುಡಕ್ಕೆ ನೀರು ಬಿಡಬೇಕು, ಬೆಂಕಿ ಹಾಕಿ ಬಳ್ಳಿಯನ್ನು ಬೆಚ್ಚಗಿಡಬೇಕು. ಹತ್ತಿರದ ದಿಂಡೋರಿಯ ದ್ರಾಕ್ಷಿ ತೋಟದವರು ಸಾಲುಗಳ ನಡುವೆ ಬೆಂಕಿ ಹಾಕುವುದನ್ನು ಕಂಡಿದ್ದ ಅಪ್ಪ ಮಾಳಿಗೆಯ ಮೇಲೆ ಕಬ್ಬಿಣದ ಬುಟ್ಟಿಯಲ್ಲಿ ತೆಂಗಿನ ಸಿಪ್ಪೆ ಉರಿಸುತ್ತಿದ್ದರು. ದಿನಾ ಬೆಳಿಗ್ಗೆ ಫೋನಿನಲ್ಲಿ ವರದಿ ಬರುತ್ತಿತ್ತು. ದಿನ 6: ಒಂಬತ್ತು ಡಿಗ್ರಿ, ಗೊಂಚಲು ಹದಿನಾಲ್ಕು, ಸೀಳಿದ್ದು ಇಲ್ಲ, ಬೆಂಕಿ ಕಾಯಿಸಿಕೊಳ್ಳಲು ಬಂದ ನೆರೆಯವರು ಮೂವರು. ದಿನ 8: ಎಂಟು ಡಿಗ್ರಿ, ಗೊಂಚಲು ಹದಿನಾಲ್ಕು, ನೆರೆಯವರು ಏಳು, ಚಹಾ ಎರಡು ಸುತ್ತು. ಬಳ್ಳಿಗೆ ತಗುಲಿದ ಬಿಸಿ ಎಷ್ಟೆಂದು ಅಪ್ಪ ಹೇಳಲಿಲ್ಲ.

ದಿನ 9ಕ್ಕೆ ಅಮ್ಮನ ತಾಯಿ, ನನ್ನ ಅಜ್ಜಿ, ವಿಜಯಪುರದ ಕಡೆಯಿಂದ ಬಂದರು. ಚೀಲ ಇಳಿಸುವ ಮೊದಲೇ ಅಮ್ಮ ಗಿಡ ತೋರಿಸಿ, ಇದಕ್ಕೆ ಒಂದು ಹನಿ ನೀರೂ ಕೂಡದು ಎಂದಳು. ಅಜ್ಜಿ ಗಂಟಲು ಮುಟ್ಟಿ ಆಣೆ ಮಾಡಿದರು.

ದಿನ 15ರಿಂದ ಎಲೆ ಉದುರತೊಡಗಿತು. ನಾನು ಬೆಳಿಗ್ಗೆ ಗುಡಿಸುವಾಗ ಎಣಿಸಿ ಬರೆದುಕೊಳ್ಳುತ್ತಿದ್ದೆ. ಗೇಟಿನ ಕಡೆ 41, ಕಿಟಕಿಯ ಕಡೆ 2. ಮರುದಿನ 56, 0. ಒಂದೇ ಗಿಡ, ಅರ್ಧ ಹಳದಿ, ಅರ್ಧ ಹಸಿರು ಸೀರೆ ಉಟ್ಟ ಮದುಮಗಳು. ನಾನು ಬಿಸಿಲಿನ ಕೋನ ಅಳೆದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಗೇಟಿಗೆ ರಿಬ್ಬನ್ ಕಟ್ಟಿ ನೋಡಿದೆ. ಗೋಡೆ ರಾತ್ರಿ ಶಾಖ ಬಿಡುವುದರಿಂದ ಹೀಗಾಗುತ್ತದೆ ಎಂದು ಒಂದೂವರೆ ಪುಟದ ಸಿದ್ಧಾಂತ ಬರೆದು, ಗೈಡ್ ಮೇಡಂಗೂ ತೋರಿಸಿದೆ. ಅವರು ಚೆನ್ನಾಗಿದೆ ಎಂದರು. ಅಪ್ಪ ಫೋನಿನಲ್ಲಿ, ಹಸಿರು ಕಡೆಗೆ ಸ್ವಲ್ಪ ಬೆಂಕಿ ಹಾಕಿ ಹೆದರಿಸಿ ನೋಡಿ ಎಂದರು. ದ್ರಾಕ್ಷಿ ಡಾಕ್ಟರರು ಮೋಸಂಬಿಗೆ ಔಷಧಿ ಹೇಳಬಾರದು ಎಂದು ಅಮ್ಮ ಫೋನ್ ಇಟ್ಟಳು.

ದಿನ 26ರಂದು ನೆಗಡಿಯಾಗಿ ಕಾಲೇಜಿಗೆ ಹೋಗದೆ ಅಡುಗೆಮನೆಯಲ್ಲಿ ಕೂತಿದ್ದೆ. ಅಜ್ಜಿ ಅಕ್ಕಿ ತೊಳೆದರು. ತಿರುಗಿ ನೋಡದೆಯೇ ಪಾತ್ರೆಯ ನೀರನ್ನು ಕಿಟಕಿಯಿಂದ ಆಚೆ ಎಸೆದರು. ಬೇಳೆ ತೊಳೆದರು, ಎಸೆದರು. ಮೆಂತ್ಯ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದರು, ಮೂರನ್ನೂ ಎಸೆದರು. ಪಕ್ಕದ ಮನೆಯವರು ಬಂದು ಅರ್ಧ ಕುಡಿದಿಟ್ಟ ಲೋಟದ ನೀರೂ ಅದೇ ದಾರಿ ಹಿಡಿಯಿತು. ಮಧ್ಯಾಹ್ನದೊಳಗೆ ಲೋಟವೂ ಸೇರಿ ಆರು.

ಗಿಡಕ್ಕೆ ನೀರು ಹಾಕುವುದಿಲ್ಲವೆಂದು ಆಣೆ ಮಾಡಿದ್ದಿರಲ್ಲ ಎಂದು ಕೇಳಿದೆ.

“ನೀರು ಎಲ್ಲಿ ಹಾಕೀನಿ? ಅದು ಅಕ್ಕಿ ತೊಳದದ್ದು.”

ಗಾಬರಿಯಲ್ಲಿ ನನ್ನ ಬಾಯಿಂದ ಮರಾಠಿಯೇ ಬಂತು. ಅದೂ ನೀರೇ ತಾನೆ ಎಂದು ಮತ್ತೆ ಕನ್ನಡದಲ್ಲಿ ಕೇಳಿದೆ.

“ನೀರು ಅಂದ್ರ ಕೊಡದಾಗಿಂದು. ಇದು ಮುಸುರಿ. ಮೋರಿಗೆ ಚೆಲ್ಲಿದ್ರ ಪಾಪ ಬರತೈತಿ. ನಮ್ಮ ಕಡೆ ನೀರು ಎರಡು ಸಲ ದುಡದ ಮ್ಯಾಲೇ ಮಣ್ಣಿಗೆ ಬೀಳೂದು, ತಿಳಕೋ.”

ಸಂಜೆ ಅಮ್ಮ ಬಂದಾಗ ನೋಟ್‌ಬುಕ್ ತೋರಿಸಿದೆ. ಅವಳು ಸಿಟ್ಟಾಗಲಿಲ್ಲ. ಹೆಗಲ ಚೀಲ ತೆಗೆಯದೆಯೇ ಗಿಡದ ಹಸಿರು ಕಡೆಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು.

“ಅವ್ವಾ, ಇದೂ ಹೋತಂದ್ರ ಈ ಊರಾಗ ನಾ ಯಾರ ಮಾರಿ ನೋಡಕೊಂತ ಇರಲಿ?”

ಮರುದಿನದಿಂದ ತೊಳೆದ ನೀರೆಲ್ಲ ಬಕೆಟ್ಟಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿಕೊಂಡು ಓಣಿಯಲ್ಲಿ ಮನೆಮನೆಯ ದಾಸವಾಳಕ್ಕೆ ಹಂಚಿ ಬರುತ್ತಿದ್ದರು. ಭಾಷೆ ಬಾರದಿದ್ದರೂ ವಾರದೊಳಗೆ ಅವರಿಗೆ ಓಣಿಯಲ್ಲಿ ನಮಗಿಂತ ಹೆಚ್ಚು ಪರಿಚಯವಾಯಿತು.

ದಿನ 45, ಸಂಕ್ರಾಂತಿ. ಎಳ್ಳುಂಡೆ ಹಂಚಿದ ಮೇಲೆ ಬುಡಕ್ಕೆ ಗೊಬ್ಬರ ಹಾಕಿ ಪೈಪು ಬಿಟ್ಟೆವು. ಆಮೇಲೆ ಮಾಡುವಂಥದ್ದೇನೂ ಇರಲಿಲ್ಲ. ಅಮ್ಮ ಬ್ಯಾಂಕಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಕೊಂಬೆ ಬಗ್ಗಿಸಿ ನೋಡುತ್ತಿದ್ದಳು. ನೀರು ಬಿಟ್ಟ ಹದಿನೆಂಟನೆಯ ದಿನ ಗೇಟಿನ ಕಡೆ ಅಕ್ಕಿಕಾಳಿನಷ್ಟು ಮೊಗ್ಗು ಕಂಡಿತು. ಕಿಟಕಿಯ ಕಡೆ ಎಲೆಗಳು ಮಾತ್ರ ಆರೋಗ್ಯವಾಗಿದ್ದವು.

ಫೆಬ್ರುವರಿಯ ಒಂದು ಶುಕ್ರವಾರ ಕಾಕಾ ಗರಗಸದವನನ್ನು ಕರೆದುಕೊಂಡೇ ಇಳಿದು ಬಂದರು. ಅಮ್ಮ ಅರ್ಧ ದಿನ ರಜೆ ಹಾಕಿ ಗಿಡದ ಪಕ್ಕ ನಿಂತಿದ್ದಳು. ಕಾಕಾ ಕೈ ಹಿಂದೆ ಕಟ್ಟಿ, ಪರೀಕ್ಷಾ ಕೊಠಡಿಯಲ್ಲಿ ಅಡ್ಡಾಡುವವರಂತೆ ಎರಡು ಸುತ್ತು ಬಂದರು. ನಾನು ಲೆಕ್ಕ ಓದಿದೆ: ಗೇಟಿನ ಕಡೆ ಹೂ ಮೊಗ್ಗು ಸೇರಿ 212, ಕಿಟಕಿಯ ಕಡೆ 3.

ಅಷ್ಟರಲ್ಲಿ ಅಜ್ಜಿ ಕಿಟಕಿಯಿಂದ ಮುಖ ತೂರಿಸಿದರು.

“ಗುರುಗಳಿಗೆ ಹೇಳು. ಈ ಕಡೆದು ತಪ್ಪು ನಂದು, ಗಿಡದ್ದಲ್ಲ. ಬೈಯೂದಿದ್ರ ನನಗ ಬೈರಿ ಅನ್ನು.”

ನಾನು ಮರಾಠಿಯಲ್ಲಿ ಹೇಳಿದೆ; ಬೇಳೆ, ಮೆಂತ್ಯ, ಅರ್ಧ ಲೋಟ, ಯಾವುದನ್ನೂ ಬಿಡಲಿಲ್ಲ. ಕಾಕಾ ಕೇಳಿಸಿಕೊಂಡು ಹಸಿರು ಎಲೆಯೊಂದನ್ನು ಕಿತ್ತು ಮೂಸಿದರು. ತಮ್ಮ ಮೂವತ್ತು ವರ್ಷದ ನೌಕರಿಯಲ್ಲಿ ಹುಡುಗರಿಗೆ ಮನೆಯವರೇ ಕಾಪಿ ಕೊಟ್ಟದ್ದನ್ನು ಕಂಡಿದ್ದಾರೆ, ಗಿಡಕ್ಕೆ ಕೊಟ್ಟದ್ದು ಇದೇ ಮೊದಲು ಎಂದರು. ಆಮೇಲೆ ತೀರ್ಪು ಕೊಟ್ಟರು: ಗಿಡಕ್ಕೆ ಎಟಿಕೆಟಿ. ನಮ್ಮ ಮಹಾರಾಷ್ಟ್ರದ ಕಾಲೇಜುಗಳಲ್ಲಿ ಒಂದೆರಡು ವಿಷಯ ಫೇಲಾದವರನ್ನು ಮುಂದಿನ ತರಗತಿಗೆ ಬಿಟ್ಟು, ಉಳಿದದ್ದನ್ನು ಆಮೇಲೆ ಬರೆಯಲು ಹೇಳುವ ಪದ್ಧತಿ ಅದು. ಕಿಟಕಿಯ ಕಡೆಯ ಅರ್ಧ ಮುಂದಿನ ಚಳಿಗಾಲಕ್ಕೆ ಮತ್ತೆ ಕೂರಬೇಕು. ಅಲ್ಲಿಯವರೆಗೆ ಕಾರು ರಸ್ತೆಯಲ್ಲೇ ಇರಲಿ. ಗರಗಸದವನು ಅಜ್ಜಿ ಕೊಟ್ಟ ಅವಲಕ್ಕಿ ತಿಂದು ಹೋದ.

ಮಧ್ಯಾಹ್ನ ಅಮ್ಮ ಬ್ಯಾಂಕಿಗೆ ಹೋದಳು. ರಜೆಯ ಚೀಟಿಯಲ್ಲಿ ಕಾರಣದ ಜಾಗದಲ್ಲಿ ‘ಮನೆಯಲ್ಲಿ ಫಲಿತಾಂಶ’ ಎಂದು ಬರೆದಿದ್ದಳಂತೆ. ಏನಾಯಿತೆಂದು ಸಹೋದ್ಯೋಗಿಗಳು ಕೇಳಿದಾಗ, ಖುಷಿಯಲ್ಲಿ, ಅರ್ಧ ಪಾಸು, ಉಳಿದದ್ದು ಮುಂದಿನ ವರ್ಷ ಎಂದುಬಿಟ್ಟಳಂತೆ. ಮುಂದಿನ ಎರಡು ವಾರಗಳಲ್ಲಿ ಅವರಿಂದ ನನಗೆ ಸಿಕ್ಕ ಸಮಾಧಾನದ ಮಾತು ಹನ್ನೊಂದು, ಟ್ಯೂಷನ್ನಿನ ವಿಳಾಸ ನಾಲ್ಕು.