ನೆಲದ ಮೇಷ್ಟ್ರ ಕಿಸೆಯ ಕಾಗದ

ಪೆಟ್ರೋಲಿನಲ್ಲಿ ನೀರು ಸೇರಬಹುದಿತ್ತು. ರೆಕ್ಕೆಯ ಕೆಳಗಿನ ಸಣ್ಣ ಕೊಳವೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿ, ವೇಗ ತೋರಿಸುವ ಮುಳ್ಳು ಸುಳ್ಳು ಹೇಳಬಹುದಿತ್ತು. ಹದ್ದು ಎದುರಾಗಬಹುದಿತ್ತು. ಎಮ್ಮೆ ರನ್‌ವೇಗೆ ನುಗ್ಗಬಹುದಿತ್ತು. ಬಿಸಿಲೇರಿ ಗಾಳಿ ತೆಳುವಾಗಿ, ವಿಮಾನ ಎಷ್ಟು ಓಡಿದರೂ ನೆಲ ಬಿಡದೆ ಜಾಲಿಬೇಲಿಗೆ ಮೂತಿ ಉಜ್ಜಬಹುದಿತ್ತು. ನನ್ನ ವಿದ್ಯಾರ್ಥಿನಿ ಶಿವಲೀಲಾ ಮೊದಲ ಸಲ ಒಬ್ಬಳೇ ಹಾರಲಿದ್ದ ಆ ಬೆಳಿಗ್ಗೆ, ಇಷ್ಟನ್ನೂ ನಾನು ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ.

ಕುಂದಾಪುರದ ನನ್ನ ಜನರೇ, ನೀವು ನನ್ನನ್ನು ಬಲ್ಲಿರಿ. ದೋಣಿಯಲ್ಲಿ ಹೊಳೆ ದಾಟುವಾಗ ಕಣ್ಣು ಮುಚ್ಚಿ ಕೂರುತ್ತಿದ್ದವನು ನಾನು. ಅಂಥವನು ನಲವತ್ತು ದಾಟಿದ ಮೇಲೆ ಬಳ್ಳಾರಿಗೆ ಬಂದು, ವಿಮಾನ ಹಾರಿಸಲು ಕಲಿಯುವವರಿಗೆ ಸುರಕ್ಷತೆಯ ಪಾಠ ಹೇಳುತ್ತಿದ್ದೇನೆ. ಹಾರಿಸಲು ಕಲಿಸುವವರು ಬೇರೆ. ನಾನು ನೆಲದ ಮೇಷ್ಟ್ರು. ಹೆದರುವುದಕ್ಕೂ ಸಂಬಳ ಸಿಗುವ ಕೆಲಸ ಇದೊಂದೇ ಇರಬೇಕು.

ನಮ್ಮಲ್ಲಿ ಬಿಸಿಲು ಮೈಗೆ ಅಂಟುತ್ತದೆ, ಇಲ್ಲಿ ಕುಟ್ಟುತ್ತದೆ. ನಮ್ಮಲ್ಲಿ ಒಗ್ಗರಣೆ ಎಂದರೆ ಸಾಸಿವೆ ಸಿಡಿದ ಸದ್ದು. ಇಲ್ಲಿ ಅದು ತಟ್ಟೆ ತುಂಬ ಬರುವ ಮಂಡಕ್ಕಿ, ಪಕ್ಕದಲ್ಲಿ ಕಣ್ಣೀರು ತರಿಸುವ ಮಿರ್ಚಿ. ಮನೆಯೊಡತಿ ಗೌರಮ್ಮನವರ ತವರು ಸಿರುಗುಪ್ಪ, ಹೊಳೆದಂಡೆಯ ಭತ್ತದ ಸೀಮೆ. ರೊಟ್ಟಿಯ ಮುಂದೆ ನನ್ನ ಮುಖ ನೋಡಿ ಕನಿಕರಪಟ್ಟು ಅಲ್ಲಿಂದ ಅಕ್ಕಿ ತರಿಸಿದರು. ಆದರೆ ಮೀನಿನ ಮಾತೆತ್ತಿದರೆ ಕಿವಿ ಮುಚ್ಚುತ್ತಾರೆ.

ಆ ಬೆಳಿಗ್ಗೆ ಅವರು ಚಹಾ ಕೊಡುತ್ತ ಕೇಳಿದರು: “ಹಾರಾಕಿ ಆಕಿ. ನೀವ್ಯಾಕ ಕಿಸೆ ಮುಟ್ಟಿ ಮುಟ್ಟಿ ನೋಡಾಕ ಹತ್ತೀರಿ, ಮೇಷ್ಟ್ರ?”

ಕಾರಣ ನನ್ನ ಅಂಗಿಯ ಕಿಸೆಯಲ್ಲಿತ್ತು: ರಾಜೀನಾಮೆ ಪತ್ರ. ಬೇರೆಯವರ ಮಕ್ಕಳ ಜೀವಕ್ಕೆ ಹೊಣೆಯಾಗಿ ನಿಲ್ಲುವುದು ನನ್ನ ಗುಂಡಿಗೆಗೆ ಸಾಕಾಗಿತ್ತು. ಶಿವಲೀಲಾ ಸರಿಯಾಗಿ ಇಳಿದರೆ ಅದನ್ನು ಆಫೀಸಿಗೆ ಕೊಟ್ಟು ಊರಿಗೆ ಬರುವುದು. ಇಳಿಯದಿದ್ದರೆ... ಆ ವಾಕ್ಯವನ್ನು ನಾನು ಮುಗಿಸಿರಲಿಲ್ಲ.

ಶಿವಲೀಲಾ ಕುರುಗೋಡಿನವಳು, ಹತ್ತಿ ಬೆಳೆಯುವವರ ಮಗಳು. ಹಾರುವ ಮುನ್ನ ಎಲ್ಲರೂ ಸಾಲಾಗಿ ರನ್‌ವೇ ಮೇಲೆ ನಡೆದು ಕಲ್ಲು, ಚಿಂದಿ, ಕಾಗದ ಆರಿಸಬೇಕೆಂಬುದು ನನ್ನ ನಿಯಮ. ಒಂದು ಚಿಂದಿ ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಮುಚ್ಚಿದರೂ ಮುಗಿಯಿತು. “ಹತ್ತ್ಯಾಗಿನ ಕಸ ಆರಿಸಿದಂಗ ಆತು ಬಿಡ್ರಿ ಸಾರ್,” ಎಂದು ಅವಳು ನಗುತ್ತಿದ್ದಳು. ಆದರೆ ಬಿಡದೆ ಆರಿಸುತ್ತಿದ್ದಳು.

ಅಂದು ಅವಳು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು, ತಳದಲ್ಲಿ ನೀರಿಲ್ಲವೆಂದು ಬೆಳಕಿಗೆ ಎತ್ತಿ ತೋರಿಸಿದಳು. ಕೊಳವೆಯೊಳಗೆ ಇಣುಕಿದಳು. ರೆಕ್ಕೆ, ಬಾಲ, ಚಕ್ರ ಎಲ್ಲವನ್ನೂ ಮುಟ್ಟಿ ನೋಡಿದಳು. ನಾನು ಅವಳ ಹಿಂದೆಯೇ ಸುತ್ತಿ ಎಲ್ಲವನ್ನೂ ಮತ್ತೆ ಮುಟ್ಟಿದೆ.

“ಸಾರ್, ನೀವು ಬಿಟ್ರ ನಾ ಹೋಗಾಕಿ,” ಎಂದಳು.

ಎಂಜಿನ್ ಗುಡುಗಿತು. ಚಕ್ರ ಉರುಳದಂತೆ ಇಟ್ಟಿದ್ದ ಅಡ್ಡಮರ ಎಳೆಯಲು ಬಗ್ಗಿದೆ, ಎಳೆದೆ, ಪ್ರೊಪೆಲ್ಲರಿನ ಗಾಳಿ ಅಂಗಿಯನ್ನು ಪಟಪಟಿಸುತ್ತಿದ್ದಂತೆ ದೂರ ಸರಿದೆ. ವಿಮಾನ ಓಡಿತು, ಎದ್ದಿತು. ಒಂದು ಸುತ್ತು ಬರುವಷ್ಟರಲ್ಲಿ ನಮ್ಮೂರಿನ ದೇವರೆಲ್ಲ ನನ್ನ ಬಾಯಿಗೆ ಬಂದರು. ಸಾಲದೆಂದು ಈ ಕಡೆಯವರನ್ನೂ ಕರೆದೆ. ಯಾರ ಕೃಪೆಯೋ, ಚಕ್ರಗಳು ಎರಡು ಸಲ ಕುಪ್ಪಳಿಸಿ ನೆಲಕ್ಕೆ ಕೂತವು.

ಊರಿಗೆ ಬಂದರೆ ನಾನು ವಿಮಾನದವರ ಚಾಳಿಯಂತೆ ತೆಂಗಿನ ಗರಿ ನೋಡಿ ಗಾಳಿಯ ದಿಕ್ಕು ಹೇಳುತ್ತೇನೆ; ಬಳ್ಳಾರಿಯವನಾದೆ ಎಂದು ನೀವು ನಗುತ್ತೀರಿ. ಇಲ್ಲಿ ಇನ್ನೂ ನನ್ನನ್ನು ಸಮುದ್ರದ ಕಡೆಯವರು ಎನ್ನುತ್ತಾರೆ. ಅಂದು ಮಾತ್ರ ನಾನು ಎಲ್ಲಿಯವನೆಂಬ ಪ್ರಶ್ನೆಗೆ ಉತ್ತರ ಕಿಸೆಯಲ್ಲೇ ಇದೆಯೆಂದು ಕೈಹಾಕಿದೆ. ಕಿಸೆ ಖಾಲಿ.

ವಿಮಾನ ನಿಲ್ಲಿಸಿ ಇಳಿದ ಶಿವಲೀಲಾ ಜಾಲಿಬೇಲಿಯ ಕಡೆಯಿಂದ ಬರುತ್ತಿದ್ದಳು. ಕೈಯಲ್ಲಿ ಮುಳ್ಳು ಗೀರಿದ ಕಾಗದ.

“ನೀವು ದಿನಾ ಬೈತಿದ್ರಲ್ಲ, ಕಾಗದ ಸಡ್ಲ ಬಿಡಬ್ಯಾಡ್ರಿ ಅಂತ. ಯಾವ ಪುಣ್ಯಾತ್ಮ ಬಿಟ್ಟಾನ್ರಿ ಇದನ್ನ?”

“ಯಾರೋ ಹೊಸಬ ಇರಬೇಕು,” ಎಂದೆ.

ಅವಳು ಕಾಗದವನ್ನೂ ನನ್ನನ್ನೂ ನೋಡಿದಳು. “ಇಷ್ಟ್ ವರ್ಸ ಆದ್ರೂ ಹೊಸಬರೇನ್ರಿ, ಸಾರ್?”

ಕಾಗದವನ್ನು ನಾನು ಆಫೀಸಿಗೆ ಕೊಟ್ಟಿಲ್ಲ, ಹರಿದೂ ಇಲ್ಲ. ಮೇಜಿನ ಮೇಲಿದೆ, ಹಾರದಂತೆ ಒಂದು ಕಲ್ಲು ಹೇರಿದ್ದೇನೆ. ಅಷ್ಟೆಲ್ಲ ಹೆದರಿಕೆಗಳ ನಡುವೆ ಆ ಬೆಳಿಗ್ಗೆ ನಿಜವಾಗಿ ಆದ ತಪ್ಪು ಒಂದೇ: ಕಿಸೆಯ ಗುಂಡಿ ಹಾಕಿರಲಿಲ್ಲ.