ನಲವತ್ತೊಂದು ‘ಇಲ್ಲ’

ಲಲಿತಾ ಮಾಡುವ ಕೆಲಸ ಏನೆಂದು ಜನರಿಗೆ ತಿಳಿಸಿ ಹೇಳುವುದೇ ಅವಳ ಅರ್ಧ ಕೆಲಸ. ರಾಯಚೂರಿನ ಗಂಜ್ ಹತ್ತಿರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅವಳು ಎರಡು ವರ್ಷದಿಂದ ಇದ್ದಾಳೆ. ಎಲ್ಲೋ ಗಿರಣಿ ಬರುತ್ತದೆ, ಇದ್ದ ಕ್ರಷರ್ ದೊಡ್ಡದಾಗುತ್ತದೆ. ಅದರ ಸದ್ದು ಸುತ್ತಲಿನ ಮನೆಗಳಿಗೆ ಎಷ್ಟು ಮುಟ್ಟುತ್ತದೆ, ನೆಲ ಎಷ್ಟು ನಡುಗುತ್ತದೆ ಎಂದು ಅಳೆದು ವರದಿ ಕೊಡಬೇಕು. ಇಷ್ಟು ಸಲ ಹೇಳಿದರೂ ಅತ್ತೆ ಬೀಗರ ಮುಂದೆ, “ನಮ್ ಸೊಸಿ ಮೈಕ್ ಸೆಟ್ಟಿನ ಕೆಲಸ ಮಾಡತಾಳ” ಅನ್ನುವುದನ್ನು ಬಿಟ್ಟಿಲ್ಲ.

ಅತ್ತೆಯದೇನು, ಊರೇ ಹಾಗಿದೆ. ನಿನ್ನೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಅವಳು ಮೀಟರಿನ ಮುಕ್ಕಾಲಿ ನಿಲ್ಲಿಸುತ್ತಿದ್ದಂತೆ ಮಾಲೀಕ ಈರಯ್ಯ ಅರ್ಧ ಯಂತ್ರ ಬಂದ್ ಮಾಡಿಸಿ, “ಈಗ ಅಳೀರಿ ಮೇಡಂ, ಎಷ್ಟು ತಣ್ಣಗದ ನೋಡ್ರಿ” ಎಂದು ಚಹಾ ತರಿಸಿದ. ಯಂತ್ರ ಓಡಬೇಕು, ಓಡಿದರೇನೇ ಅಳತೆ ಎಂದು ಒಂದು ತಾಸು ಗಂಟಲು ಹರಿದುಕೊಂಡಿದ್ದಾಯಿತು. ಕೊನೆಗೆ ಎಲ್ಲ ಓಡತೊಡಗಿದಾಗ ಹಮಾಲನೊಬ್ಬ ಬಂದು ಮೀಟರಿನ ತಲೆಗೆ ಬಾಯಿಟ್ಟು, “ಹಲೋ, ಹಲೋ, ಮೈಕ್ ಟೆಸ್ಟಿಂಗ್!” ಎಂದ. ಮತ್ತೆ ಮೊದಲಿನಿಂದ ಶುರು.

ಇವತ್ತು ದೇವದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿನ ಕ್ರಷರ್‌ನವರಿಗೆ ಇನ್ನೊಂದು ಗುಡ್ಡ ಒಡೆಯಲು ಪರವಾನಗಿ ಬೇಕು. ಲಲಿತಾಳ ಮೇಲಿನವರಾದ ಕನಕರಾಯ ಮೂರು ದಿನದ ಹಿಂದೆಯೇ ಊರಿನ ನಲವತ್ತೊಂದು ಮನೆಗಳಿಗೆ ಹೋಗಿ, ಅಚ್ಚು ಹಾಕಿದ ಹಾಳೆಯಲ್ಲಿನ ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಂಡು ಬಂದಿದ್ದರು. ‘ಕಂಪನದಿಂದ ನಿಮಗೆ ತೊಂದರೆ ಇದೆಯೇ?’ ನಲವತ್ತೊಂದು ಮನೆಯವರೂ ‘ಇಲ್ಲ’ ಎಂದಿದ್ದರು. ಇನ್ನು ಕಲ್ಲುಗಣಿಗೆ ಎಲ್ಲಕ್ಕಿಂತ ಹತ್ತಿರದ ಮನೆಯಲ್ಲಿ ಮಧ್ಯಾಹ್ನದ ಸ್ಫೋಟವನ್ನು ಅಳೆದುಬಿಟ್ಟರೆ ಮುಗಿಯಿತು. ನಾಳೆ ವರದಿ ಹೋಗಬೇಕು.

ಆ ಮನೆ ಕುರಿ ಸಾಕುವ ಆದೆಮ್ಮನದು. ಹಟ್ಟಿಯ ಮುಂದೆ ಸೊಪ್ಪು ಕಟ್ಟುತ್ತಿದ್ದ ಮುದುಕಿ ತಲೆ ಎತ್ತಿದಳು.

“ಯಾರವ್ವಾ ನೀನು?”

“ಕಂಪನ ಅಳಿಯಾಕ ಬಂದೀನಿ, ಯವ್ವಾ.”

ಆದೆಮ್ಮನ ಮುಖ ಹುಳ್ಳಗಾಯಿತು. “ನಮಗ ಅದರ ತಂಟಿ ಬ್ಯಾಡವ್ವ. ಮೊನ್ನೇನ ಬರಿಸಿ ಕೊಟ್ಟೀವಲ್ಲ, ಏನೂ ತ್ರಾಸಿಲ್ಲ ಅಂತ.”

“ಒಂದು ತಾಸು ಅಷ್ಟ. ಮೂಲ್ಯಾಗ ಕುಂದರತೀನಿ.”

ಬಿಸಿಲಿಗೆ ಬೆಂದು ಬಂದವಳಿಗೆ ನೀರು ಕೊಡದಿರಲು ಮುದುಕಿಗೆ ಮನಸ್ಸಾಗಲಿಲ್ಲ. ಒಳಗೆ ಕರೆದಳು. ಲಲಿತಾ ಅಳತೆಯ ಡಬ್ಬಿಯನ್ನು ನೆಲಕ್ಕೆ ಒತ್ತಿ ಕೂರಿಸಿದಳು. ಗಣಿಯ ಸೈರನ್ ಕೂಗಿತು. ಆದೆಮ್ಮ ಯಾರೂ ಹೇಳದೆ ಎದ್ದು ಅಂಬಲಿ ಗಡಿಗೆಗೆ ತಟ್ಟೆ ಮುಚ್ಚಿ, ನಾಗೊಂದಿಗೆ ಹಲಗೆಯ ಮೇಲಿನ ಕೊಡ ಇಳಿಸಿ, ಗೋಡೆಯಿಂದ ಸರಿದು ಕುಳಿತಳು. ಧಡಂ! ಮಾಳಿಗೆಯಿಂದ ಮಣ್ಣು ಜರಜರ ಉದುರಿತು. ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಅದಕ್ಕೆ ತುರುಕಿದ್ದ ಹಳೇ ಸೀರೆಯ ಚೂರು ಹೊರಗೆ ಬಿತ್ತು. ಮುದುಕಿ ಅದನ್ನೆತ್ತಿ ಮತ್ತೆ ತುರುಕಿದಳು.

ಮೀಟರ್ ನೋಡಿದರೆ ಅಂಕಿ ಮಿತಿಯೊಳಗೇ ಇದೆ.

“ಇವತ್ತು ಸಣ್ಣದು ಹೊಡದಾರ,” ಎಂದಳು ಆದೆಮ್ಮ. “ನೀ ಬಂದೀಯಲ್ಲ.”

ಲಲಿತಾಳಿಗೆ ರೇಗಿತು. “ಮತ್ತ ತೊಂದರಿ ಇಲ್ಲ ಅಂತ ಯಾಕ ಬರಿಸಿದಿ?”

“ಕಂಪನಿಯಿಂದ ನಮಗೇನವ್ವ ತೊಂದರಿ? ನನ್ ಮಗ ನಿಂಗರಾಜ ಅಲ್ಲೇ ದುಡೀತಾನ. ಅರ್ಧ ಊರು ಅಲ್ಲೇ ಅದ.”

“ಕಂಪನಿ ಅಲ್ಲ ಯವ್ವಾ, ಕಂಪನ!”

“ಅದನ್ನ ಹೇಳಾಕತ್ತೀನಿ. ನೀವು ಓದಿದವರು, ಬಾಲ ಕತ್ತರಿಸಿ ಮಾತಾಡತೀರಿ.”

ಲಲಿತಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನಲವತ್ತೊಂದು ಮನೆ. ಉಣ್ಣುವ ಅನ್ನದ ಮೇಲೆ ಚಾಡಿ ಹೇಳುವವರು ಯಾರು? ಎಲ್ಲರೂ ‘ಇಲ್ಲ’ ಎಂದಿದ್ದಾರೆ. ನಾಳೆ ಆ ‘ಇಲ್ಲ’ಗಳ ಮೇಲೆ ಇನ್ನೊಂದು ಗುಡ್ಡ ಒಡೆಯುತ್ತದೆ.

“ಕಂಪನ ಅಂದ್ರ ಅದುರೂದು ಬೇ, ಅದುರೂದು! ನಿನ್ನ ಗ್ವಾಡಿ ಅದುರತದಲ್ಲ, ಅದು!”

“ಹಂಗಂತ ಕೇಳಬೇಕಿಲ್ಲ?” ಮುದುಕಿಯೂ ದನಿ ಏರಿಸಿದಳು. “ಅದುರತದ. ಹೋದ ವರ್ಷ ಎರಡು ಗಬ್ಬದ ಕುರಿ ಕಂದ ಹಾಕಿದ್ವು. ಮಳಿಗಾಲ ಬಂದ್ರ ಈ ಗ್ವಾಡಿ ಬಗಲಾಗ ನಾ ಮಲಗಂಗಿಲ್ಲ.”

ಲಲಿತಾ ಹೊರಗೆ ಬಂದು ಕನಕರಾಯರಿಗೆ ಫೋನ್ ಹಚ್ಚಿದಳು.

“ಸರ್, ನಾ ಬಂದೀನಂತ ಇವತ್ತು ಸ್ಫೋಟ ಸಣ್ಣದು ಮಾಡ್ಯಾರ. ಫಾರ್ಮೂ ಎಲ್ಲಾ ತಪ್ಪಾಗ್ಯಾವ. ಇವರು ಕಂಪನ ಅಂದ್ರ ಕಂಪನಿ ಅಂತ ತಿಳಕೊಂಡಾರ.”

“ಹುಚ್ಚಿ ಏನು ನೀನು? ನಾನ ಓದಿ ಹೇಳೀನಿ. ಅಚ್ಚ ಕನ್ನಡದಾಗ ಅದ.”

“ನೀವು ಕವಿತಾಳದಾಗ ಹುಟ್ಟಿದವರು ಸರ್. ನಿಮ್ಮವ್ವ ಎಂದಾದರೂ ಕಂಪನ ಅಂದಾಳೇನ್ರಿ?”

ಕನಕರಾಯ ಮಾತು ಹೊರಳಿಸಿದರು. “ನಾಕರ ಬಸ್ ತಪ್ಪೀತು ನೋಡು,” ಎಂದು ಫೋನ್ ಇಟ್ಟರು.

ನಾಲ್ಕರ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಮಗಳು ಪ್ರಿಯದರ್ಶಿನಿ ಉಣ್ಣದೆ ನಿದ್ದೆ ಹೋಗಿರುತ್ತಾಳೆ. ಮೂರು ವರ್ಷದ ಕೂಸಿಗೆ ಅವ್ವನ ಕೈತುತ್ತೇ ಆಗಬೇಕು. ಗಂಡನಿಗೆ, ‘ಮೊಸರನ್ನ ಕಲಸಿ, ಚಮಚ ಬೇಡ, ಕೈಯಿಂದ ತಿನ್ನಿಸಿ’ ಎಂದು ಸಂದೇಶ ಕಳಿಸಿ, ಲಲಿತಾ ನೋಟ್‌ಬುಕ್ಕಿನ ಹಾಳೆ ಹರಿದಳು. ಒಂದೊಂದರ ಮೇಲೂ ಬರೆದಳು: ‘ಸ್ಫೋಟಕ್ಕೆ ಮನೆ ಅದುರುತ್ತದೆಯೇ? ಅದರಿಂದ ತೊಂದರೆ ಇದೆಯೇ?’

ಆದೆಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುವ ಹೊತ್ತಿಗೆ ನಿಂಗರಾಜ ಪಾಳಿ ಮುಗಿಸಿ ಬಂದ. ಹುಬ್ಬಿಗೆಲ್ಲ ಕಲ್ಲಿನ ಧೂಳು.

“ಏನ್ ಬರಸಾಕತ್ತೀರಿ ಮೇಡಂ? ನಾಳೆ ಸಾಹೇಬರು ನನ್ನ ಕೇಳತಾರ.”

“ಲೇ, ಗ್ವಾಡಿ ಅದುರತದ ಅಂದ್ರ ನಿನ್ ಕಂಪನೀನ ಬೈದಂಗೇನೋ?” ಎಂದಳು ತಾಯಿ.

“ಅವರಿಗೆ ಹಂಗ ಕೇಳಸ್ತದಬೇ.”

ಏನೂ ಆಗುವುದಿಲ್ಲ ಎನ್ನಲು ಲಲಿತಾಳಿಗೆ ಬಾಯಿ ಬರಲಿಲ್ಲ. “ಹೆಸರು ವರದಿಯಾಗ ಬರತದ, ನಿಂಗರಾಜ. ಸುಳ್ಳು ಹೇಳಂಗಿಲ್ಲ ನಾನು. ಬ್ಯಾಡ ಅಂದ್ರ ಹಾಳಿ ಹರದ ಹಾಕತೀನಿ.”

ನಿಂಗರಾಜ ಬಿರುಕಿನ ಕಡೆ ನೋಡಿದ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ. “ಅವ್ವನ ಹೆಬ್ಬೆಟ್ಟು ಒಂದ ಬ್ಯಾಡ. ಅದನ್ನ ಬ್ಯಾರೆ ಯಾರೋ ಒತ್ತಿಸ್ಯಾರ ಅಂತಾರ. ಕೊಡ್ರಿಲ್ಲಿ ಪೆನ್ನು,” ಎಂದು ಕೆಳಗೆ ಸಹಿ ಮಾಡಿದ. ಆಮೇಲೆ ಅವನೇ ಓಣಿ ತೋರಿಸಲು ಹೊರಟ.

ಆದೆಮ್ಮನದೂ ಸೇರಿ ಇಪ್ಪತ್ತಮೂರು ಮನೆಗಳಾದವು. ಆರು ಮನೆಯವರು ಬಾಗಿಲು ಹಾಕಿಕೊಂಡರು. ಹದಿನೇಳು ಹಾಳೆಗಳು ಬಂದವು, ಹದಿನೇಳರಲ್ಲೂ ‘ಅದುರುತ್ತದೆ’.

ಮರುದಿನ ಕನಕರಾಯ ಆ ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಒಗೆದರು. “ವರದಿ ತಡ ಆತು. ಕ್ರಷರ್‌ನವರು ಮುಂಜಾನಿಂದ ಬೈಯಾಕತ್ತಾರ. ಇನ್ನ ಫಾರ್ಮಿನಾಗ ಅದುರು ಅಂತ ಹಾಕಿದ್ರ ಮ್ಯಾಲಿನವರು ನಗತಾರ.”

“ನಗಲಿ ಬಿಡ್ರಿ ಸರ್. ಅವರ ಮನಿ ಅದುರಂಗಿಲ್ಲಲ್ಲ.”

ಅವರು ಒಂದೊಂದೇ ಹಾಳೆ ತಿರುಗಿಸಿದರು. ನಿಂಗರಾಜನ ಸಹಿಯ ಹತ್ತಿರ ನಿಂತರು. “ಇಂವ ಅಲ್ಲೇ ದುಡಿಯಾಂವೇನು?”

“ಹೌದ್ರಿ.”

ಕನಕರಾಯ ನಿಟ್ಟುಸಿರು ಬಿಟ್ಟು, ಹಳೆಯ ನಲವತ್ತೊಂದು ಫಾರ್ಮುಗಳ ಕಟ್ಟಿನ ಮೇಲೆ ‘ರದ್ದು’ ಎಂದು ಬರೆದು ಸಹಿ ಹಾಕಿದರು. “ಎಲ್ಲಾ ಮನಿ ಮತ್ತ ಕೇಳಬೇಕು. ಅಳತಿನೂ ಮೂರು ದಿನ, ಕ್ರಷರ್‌ನವರಿಗೆ ಹೇಳದಂಗ. ಮೀಟರ್ ಚಾರ್ಜ್‌ಗೆ ಹಾಕು. ಈ ಸಲ ನಾನೂ ಬರತೀನಿ.”